ಖಾಲಿ ಚೌಕದಲ್ಲಿ ಒಂದು ಸೊನ್ನೆ

ನಂದಾಗೆ ಡಬ್ಬಿ ಕೊಟ್ಟರೆ ಅದು ತುಂಬಿಕೊಂಡೇ ವಾಪಸ್ಸು ಬರುತ್ತದೆ ಎಂದು ನಮ್ಮ ಅಪಾರ್ಟ್‌ಮೆಂಟ್ ಕಾಂಪ್ಲೆಕ್ಸಿನವರು ಹೇಳುತ್ತಿದ್ದರು. ನೀವು ಹುಳಿ ಕಳಿಸಿ, ಶೇಂಗಾ ಹೋಳಿಗೆ ಬರುತ್ತದೆ. ಚಿತ್ರಾನ್ನ ಕಳಿಸಿ, ಅಗಸಿ ಚಟ್ನಿಪುಡಿ ಬರುತ್ತದೆ. ಮನೆಯಲ್ಲಿ ಏನೂ ಮಾಡದ ದಿನ ಎರಡು ಚಮಚ ಸಕ್ಕರೆಯಾದರೂ ತಳದಲ್ಲಿ ಇದ್ದೇ ಇರುತ್ತಿತ್ತು. ಕೆಳಗಿನ ಮನೆಯ ಬದರೀನಾಥ ಒಮ್ಮೆ, ಖಾಲಿ ಡಬ್ಬಿಯನ್ನೇ ಅವಳ ಬಾಗಿಲ ಮುಂದೆ ಇಟ್ಟು ಬಂದು ನೋಡಿದರೆ ಹೇಗೆ ಎಂದು ಹೇಳಿ ಹೆಂಡತಿಯ ಕೈಲಿ ಬೈಸಿಕೊಂಡಿದ್ದ.

ಇನ್ನೂ ಒಂದು ಮಾತಿತ್ತು. ನಂದಾಳ ಮನೆಯಲ್ಲಿ ಸಾಸಿವೆ ಕೂಡ ಸಾಲಾಗಿ ನಿಂತಿರುತ್ತದೆ ಎನ್ನುತ್ತಿದ್ದರು. ಸುಳ್ಳಲ್ಲ. ಬಾಗಿಲ ಬಳಿ ಚಪ್ಪಲಿಗಳು ಒಂದೇ ಗೆರೆಗೆ ಮೂಗು ಕೊಟ್ಟು ನಿಂತಿರುತ್ತಿದ್ದವು. ಅಡುಗೆಮನೆಯ ಬಾಟಲಿಗಳ ಚೀಟಿಗಳೆಲ್ಲ ಮುಂದಕ್ಕೇ ಮುಖ ಮಾಡಿರುತ್ತಿದ್ದವು. ನಮ್ಮ ಹೆಂಗಸರು ಅವಳ ಮನೆಯಿಂದ ಬಂದ ದಿನ ತಮ್ಮ ಮನೆಯ ಕಪಾಟು ತೆಗೆಯಲು ನಾಚಿಕೊಳ್ಳುತ್ತಿದ್ದರು.

ಈ ನಂದಾ ಹುಬ್ಬಳ್ಳಿಯವಳು. ಅಲ್ಲಿಯ ಒಂದು ಪಾಲಿಟೆಕ್ನಿಕ್‌ನಲ್ಲಿ ಗಣಿತ ಕಲಿಸುತ್ತಿದ್ದಳು. ಗಂಡ ರಾಜಶೇಖರ ಸ್ಕೂಟರ್ ಅಪಘಾತದಲ್ಲಿ ತೀರಿಕೊಂಡಾಗ ಅವಳಿಗೆ ಮೂವತ್ತಾರು, ಮಗಳು ಅನುಶ್ರೀಗೆ ಹನ್ನೊಂದು. ದುಃಖ ಮರೆಯಲು ಕೆಲವರು ದೇವರ ಹಿಂದೆ ಬೀಳುತ್ತಾರೆ, ಕೆಲವರು ಊರು ಬಿಡುತ್ತಾರೆ. ಅವಳು ಕ್ಲಾಸು ಮುಗಿದ ಮೇಲೆ ಕಂಪ್ಯೂಟರ್ ಕೋರ್ಸಿಗೆ ಸೇರಿಕೊಂಡಳು. ಹೀಗಿರುವಾಗ ಎರಡು ಸಾವಿರನೇ ಇಸವಿ ಬಂದರೆ ಕಂಪ್ಯೂಟರುಗಳೆಲ್ಲ ದಿನಾಂಕ ತಪ್ಪಿಸಿಕೊಂಡು ನಿಂತುಬಿಡುತ್ತವೆ ಎಂದು ಅಮೆರಿಕದವರು ಹೆದರಿ, ಪ್ರೋಗ್ರಾಂ ಬರೆಯಬಲ್ಲವರನ್ನು ಊರೂರಿನಿಂದ ಕರೆಸಿಕೊಳ್ಳುತ್ತಿದ್ದ ಕಾಲ ಬಂತು. ತೊಂಬತ್ತೆಂಟರ ಬೇಸಿಗೆಯಲ್ಲಿ ನಲವತ್ತರ ಹೆಂಗಸೊಬ್ಬಳು ಹದಿನೈದರ ಮಗಳ ಕೈ ಹಿಡಿದುಕೊಂಡು ನ್ಯೂಜೆರ್ಸಿಯ ಈಸ್ಟ್ ಬ್ರನ್ಸ್‌ವಿಕ್‌ಗೆ ಬಂದು, ರೂಟ್ ಹದಿನೆಂಟು ಎಂಬ ಹೆದ್ದಾರಿಯ ಪಕ್ಕದ ನಮ್ಮ ಕಾಂಪ್ಲೆಕ್ಸಿನಲ್ಲಿ ಎರಡನೇ ಮಹಡಿಯ ಮನೆ ಹಿಡಿದಳು. ಅವಳ ಜೊತೆಯವರೆಲ್ಲ ಇಪ್ಪತ್ತೈದರ ಹುಡುಗರು. ಅವಳನ್ನು ಅವರು ಆಂಟಿ ಎಂದು ಕರೆದು, ಆಮೇಲೆ ಮೀಟಿಂಗಿನಲ್ಲಿ ನಂದಾ ಎನ್ನಲು ಒದ್ದಾಡುತ್ತಿದ್ದರಂತೆ.

ಮರು ವರ್ಷ ಅವಳಿಗೆ ಹೋಬೋಕನ್‌ನ ಒಂದು ಸಣ್ಣ ಕಂಪನಿಯಲ್ಲಿ ಕೆಲಸ ಸಿಕ್ಕಿತು. ಡಾಕ್ಟರುಗಳ ಕ್ಲಿನಿಕ್ಕಿಗೆ ಸಾಫ್ಟ್‌ವೇರ್ ಮಾಡುವವರು. ನ್ಯೂ ಬ್ರನ್ಸ್‌ವಿಕ್‌ನಲ್ಲಿ ಟ್ರೇನು ಹತ್ತಿ, ನೆವಾರ್ಕ್‌ನಲ್ಲಿ ಇಳಿದು, ಇನ್ನೆರಡು ಕಡೆ ಬದಲಿಸಿ ಹೋಗಬೇಕು. ದಿನಕ್ಕೆ ಮೂರು ಗಂಟೆ ಕಮ್ಯೂಟ್. ಆದರೂ ಅವಳು ಖುಷಿಯಾಗಿದ್ದಳು. ಯಾಕೆಂದರೆ ಆ ಕಂಪನಿಯವರು ಗ್ರೀನ್ ಕಾರ್ಡಿಗೆ ಹಾಕುತ್ತೇವೆ ಎಂದಿದ್ದರು. ಅನುಶ್ರೀ ಇಲ್ಲಿಯ ಕಾಲೇಜಿಗೆ ಸೇರಬೇಕು. ಅದಕ್ಕೆ ಆ ಕಾರ್ಡು ಬೇಕು. ಕಾರ್ಡಿಗೆ ಈ ಕೆಲಸ ಉಳಿಯಬೇಕು. ಮೂರೂ ಒಂದೇ ದಾರಕ್ಕೆ ಕಟ್ಟಿದ್ದವು. ಇದು ನಮಗೆಲ್ಲ ಗೊತ್ತಿತ್ತು, ಏಕೆಂದರೆ ನಮ್ಮಲ್ಲಿ ಮುಕ್ಕಾಲು ಜನರ ಬದುಕು ಅದೇ ದಾರದಲ್ಲಿ ನೇತಾಡುತ್ತಿತ್ತು.

ಅವಳ ಕೆಲಸ ಏನೆಂದು ಎದುರು ಬಾಗಿಲ ತ್ರಿಪುರಸುಂದರಿಯಮ್ಮ ಒಮ್ಮೆ ಕೇಳಿದರು. ಇವರು ಮೈಸೂರಿನವರು, ಅರವತ್ತು ದಾಟಿದ್ದವರು, ಮಗ ಶ್ರೀನಿಯ ಜೊತೆ ಇದ್ದರು. ಶ್ರೀನಿಗೆ ಇನ್ನೂ ಮದುವೆಯಾಗಿರಲಿಲ್ಲವಾಗಿ ಅವರಿಗೆ ಮಾತಿಗೆ ಜನವಿರಲಿಲ್ಲ. ನಂದಾ ಬಂದ ದಿನದಿಂದ ಆ ಎರಡು ಬಾಗಿಲುಗಳ ನಡುವೆ ಡಬ್ಬಿಗಳ ಸವಾರಿ ಶುರುವಾಗಿತ್ತು, ಜೊತೆಗೆ ಜಗಳವೂ.

“ಏನೇ ನಂದಾ, ನಿಮ್ಮೂರ ರೊಟ್ಟಿ ತಿನ್ನೋಕೆ ಡೆಂಟಲ್ ಇನ್ಶೂರೆನ್ಸ್ ಬೇರೆ ತಗೋಬೇಕಲ್ಲೇ,” ಎನ್ನುವರು ಇವರು.

“ಹುಳಿಯೊಳಗ ಬೆಲ್ಲ ಹಾಕಿ ಪಾಯಸ ಮಾಡ್ತೀರಲ್ರೀ ಅಕ್ಕಾರ, ಅದಕ್ಕೇನಂತೀರಿ?” ಎನ್ನುವಳು ಅವಳು.

ಕೆಲಸದ ವಿಷಯ ಕೇಳಿದಾಗ ನಂದಾ ಅಡುಗೆಮನೆಯ ಕಟ್ಟೆಯ ಮೇಲೆ ಅಕ್ಕಿ ಹರಡಿ ತೋರಿಸಿದಳಂತೆ. ಕ್ಲಿನಿಕ್ಕಿನವರ ಲೆಕ್ಕಪತ್ರವೆಲ್ಲ ಒಂದು ದೊಡ್ಡ ಉಗ್ರಾಣದಲ್ಲಿ ಇರುತ್ತದೆ, ಅದಕ್ಕೆ ಡೇಟಾಬೇಸ್ ಎನ್ನುತ್ತಾರೆ. ಅದರ ಮುಂದೆ ನಿಂತು, ಈ ತಿಂಗಳು ಪರೀಕ್ಷೆಗೆ ರಕ್ತ ಕೊಟ್ಟವರು ಯಾರು ಯಾರು ಎಂದು ಕೇಳಿದರೆ ಉತ್ತರ ಹೀಗೆ ರಾಶಿ ಬಿದ್ದು ಬರುತ್ತದೆ. ಆ ರಾಶಿಯನ್ನು ಗೆರೆ ಹಾಕಿದ ಚೌಕಗಳಲ್ಲಿ ಕೂರಿಸಿ, ನರ್ಸಮ್ಮ ಒಂದು ನೋಟಕ್ಕೆ ಓದುವ ಹಾಗೆ ಪರದೆಯ ಮೇಲೆ ಇಡುವುದು ನನ್ನ ಕೆಲಸ ಅಂದಳು. ಹೆಸರು ಎಡಕ್ಕೆ, ಅಂಕಿ ಬಲಕ್ಕೆ. ದಶಮಾಂಶದ ಚುಕ್ಕೆಗಳು ಒಂದರ ಕೆಳಗೆ ಒಂದು ಬರಬೇಕು. ದಿನಾಂಕದಲ್ಲಿ ತಿಂಗಳನ್ನು ಅಕ್ಷರದಲ್ಲೇ ಬರೆಯಬೇಕು, ಇಲ್ಲದಿದ್ದರೆ ನಾವು ಒಂದು ಓದುತ್ತೇವೆ, ಅಮೆರಿಕದವರು ಇನ್ನೊಂದು ಓದುತ್ತಾರೆ. ಯಾರಿಗೂ ಬೇಡದ ಕಾಲಂಗಳನ್ನು ಮುಚ್ಚಿಡಬೇಕು. ಒಂದೊಂದು ಕಾಲಮ್ಮಿಗೂ ಎಷ್ಟು ಅಗಲ ಕೊಡಬೇಕೆಂದು ಅಳೆಯಬೇಕು.

“ಅಗಲ ಹ್ಯಾಗೆ ಅಳೀತೀಯೆ?”

“ನಿಮ್ಮ ಹೆಸರಿಲೇ ಅಳದೇನ್ರಿ. ತ್ರಿಪುರಸುಂದರಿ ಶ್ರೀಕಂಠಯ್ಯ ಅಂತ ಟೈಪ್ ಮಾಡಿ, ಅಷ್ಟೂ ಹಿಡಿಸೋ ಹಂಗ ಮಾಡೇನಿ. ನೀವು ಹಿಡಿಸಿದ್ರ ನ್ಯೂಜೆರ್ಸಿ ಪೂರ್ತಿ ಹಿಡಸ್ತೈತಿ.”

ಈ ಮಾತನ್ನು ತ್ರಿಪುರಸುಂದರಿಯಮ್ಮ ಕಾಂಪ್ಲೆಕ್ಸಿನ ತುಂಬಾ ಹೇಳಿಕೊಂಡು ತಿರುಗಿದರು. ಹೋಬೋಕನ್‌ನ ಕಂಪ್ಯೂಟರಿನಲ್ಲಿ ತಮ್ಮ ಹೆಸರೇ ಅಳತೆಗೋಲು ಎಂದು ಅವರಿಗೆ ಬಲು ಹೆಮ್ಮೆ.

ಇನ್ನು ಆ ಚೌಕಗಳ ವಿಷಯ. ಕೇಳಿದ ಪ್ರಶ್ನೆಗೆ ಉಗ್ರಾಣದಲ್ಲಿ ಉತ್ತರವಿಲ್ಲದಿದ್ದರೆ ಚೌಕ ಖಾಲಿ ಬರುತ್ತದೆ. ಪರೀಕ್ಷೆಗೆ ರಕ್ತ ಹೋಗಿದೆ, ಫಲಿತಾಂಶ ಇನ್ನೂ ಬಂದಿಲ್ಲ ಎಂದಿಟ್ಟುಕೊಳ್ಳಿ, ಅಲ್ಲಿ ಏನೂ ಇರುವುದಿಲ್ಲ. ನಂದಾ ಮೊದಲ ಸಲ ಗ್ರಿಡ್ ಎಂಬ ಆ ಚೌಕಗಳ ಪಟ್ಟಿ ಕೂರಿಸಿದಾಗ ಫಲಿತಾಂಶದ ಕಾಲಮ್ಮಿನಲ್ಲಿ ಅಲ್ಲೊಂದು ಇಲ್ಲೊಂದು ಖಾಲಿ ಚೌಕಗಳು ಹಲ್ಲು ಬಿದ್ದ ಬಾಯಿಯಂತೆ ಕಂಡವು. ಅವಳ ಕೈ ತಡೆಯಲಿಲ್ಲ. ತೆಗೆದುಕೊಂಡ ಪಾತ್ರೆಯನ್ನು ಖಾಲಿ ಮರಳಿಸುವುದೆಂದರೆ ಕೊಟ್ಟವರ ಮನೆಗೆ ಕೊರತೆ ಬಯಸಿದ ಹಾಗೆ ಎಂದು ಕಲಿತು ಬೆಳೆದವಳು ಅವಳು. ಪ್ರೋಗ್ರಾಮಿಗೆ ಒಂದೇ ಒಂದು ಸಾಲು ಸೇರಿಸಿದಳು: ಉತ್ತರ ಇಲ್ಲದಿದ್ದರೆ ಸೊನ್ನೆ ಇಡು. ಗುಂಡಿ ಒತ್ತಿದ ಕೂಡಲೇ ಕಾಲಂ ಮೇಲಿನಿಂದ ಕೆಳಗಿನವರೆಗೆ ತುಂಬಿ ಬಂತು. ಮ್ಯಾನೇಜರ್ ಗ್ರೆಗ್ ಬಂದು ನೋಡಿ ಚೆಂದ ಇದೆ ಅಂದ. ಸಾಫ್ಟ್‌ವೇರ್ ಪರೀಕ್ಷೆ ಮಾಡುವವರೂ ಚೆಂದ ಇದೆ ಅಂದರು. ಹನ್ನೊಂದು ಕ್ಲಿನಿಕ್ಕುಗಳಿಗೆ ಅದು ಹೋಯಿತು. ಸೊನ್ನೆ ಬೇಕೆಂದು ಯಾರೂ ಕೇಳಿರಲಿಲ್ಲ, ಯಾರೂ ಬೇಡವೆಂದೂ ಹೇಳಲಿಲ್ಲ.

ಎರಡು ಸಾವಿರನೇ ಇಸವಿಯ ಮೇ ತಿಂಗಳಲ್ಲಿ ತ್ರಿಪುರಸುಂದರಿಯಮ್ಮನಿಗೆ ಹೊಟ್ಟೆ ಉಬ್ಬರ. ಉಂಡರೆ ಎದೆಯವರೆಗೆ ಬಂದು ಕೂರುತ್ತದೆ, ಸೀರೆಯ ನೆರಿಗೆ ಕೂರುವುದಿಲ್ಲ ಎಂದು ಗೊಣಗಿದರು. ಶ್ರೀನಿ ಹತ್ತಿರದ ಕ್ಲಿನಿಕ್ಕಿಗೆ ಕರೆದುಕೊಂಡು ಹೋದ. ಡಾಕ್ಟರು ಗ್ಯಾಸಿಗೆ ಮಾತ್ರೆ ಕೊಟ್ಟು, ಯಾವುದಕ್ಕೂ ಇರಲಿ ಎಂದು, ಅಂಡಾಶಯದ ಕ್ಯಾನ್ಸರ್ ಇದ್ದರೆ ಸುಳಿವು ಕೊಡುವ ಒಂದು ರಕ್ತಪರೀಕ್ಷೆಯನ್ನೂ ಬರೆದರು. ಹತ್ತು ದಿನ ಆ ತಾಯಿ ಮಗ ಸರಿಯಾಗಿ ಊಟ ಮಾಡಲಿಲ್ಲ. ಹನ್ನೊಂದನೆಯ ದಿನ ಶ್ರೀನಿ ಆಫೀಸಿನಿಂದಲೇ ಫೋನ್ ಮಾಡಿ ವಿಚಾರಿಸಿದ. ನರ್ಸು ಪರದೆ ನೋಡಿ, ಸೊನ್ನೆ ಇದೆ, ಏನೂ ಚಿಂತೆ ಇಲ್ಲ ಅಂದಳಂತೆ.

ಅವತ್ತು ಸಂಜೆ ತ್ರಿಪುರಸುಂದರಿಯಮ್ಮ ಕೊಬ್ಬರಿ ಮಿಠಾಯಿ ಮಾಡಿ ಎಂಟು ಮನೆಗೆ ಹಂಚಿದರು. ಸೊನ್ನೆ ಎಂಬುದನ್ನು ಅವರು ಹೇಳುತ್ತಿದ್ದ ರೀತಿ ನೋಡಬೇಕಿತ್ತು, ಮೊಮ್ಮಗುವಿಗೆ ಫಸ್ಟ್ ರ‍್ಯಾಂಕ್ ಬಂದಂತೆ. ನಂದಾ ಆ ಡಬ್ಬಿ ತೊಳೆದು, ಅಂಟಿನ ಉಂಡೆ ತುಂಬಿ ವಾಪಸ್ಸು ಕಳಿಸಿದಳು. ಅವಳಿಗೆ ಆಗ ಏನೂ ಹೊಳೆಯಲಿಲ್ಲ. ಅವಳ ಕಂಪನಿ ಯಾವ ಯಾವ ಕ್ಲಿನಿಕ್ಕಿಗೆ ಕೊಟ್ಟಿದೆ ಎಂಬುದು ಮಾರಾಟದವರ ವಿಷಯವಾಗಿತ್ತು, ಅವಳು ತಲೆ ಹಾಕಿರಲಿಲ್ಲ.

ಬೇಸಿಗೆ ಕಳೆಯಿತು. ಅನುಶ್ರೀ ಹೈಸ್ಕೂಲಿನ ಕೊನೆಯ ವರ್ಷಕ್ಕೆ ಬಂದಳು. ರಟ್ಗರ್ಸ್ ಯೂನಿವರ್ಸಿಟಿಗೆ ಅರ್ಜಿ ಬರೆಯುತ್ತ ಊಟದ ಮೇಜಿನ ತುಂಬ ಕಾಗದ ಹರಡಿದಳು, ನಂದಾ ಅದನ್ನು ಜೋಡಿಸಿಟ್ಟಳು. ಗ್ರೀನ್ ಕಾರ್ಡಿನ ಕಾಗದಗಳೂ ಕೊನೆಯ ಹಂತದ ಹತ್ತಿರ ಬಂದಿದ್ದವು, ಕಂಪನಿಯ ಒಂದು ಸಹಿ ಬಾಕಿ. ಸಂಕ್ರಾಂತಿಯ ಹೊತ್ತಿಗೆ ಆಗುತ್ತದೆ ಎಂದು ಲಾಯರು ಹೇಳಿದ್ದ.

ಅಕ್ಟೋಬರಿನಲ್ಲಿ ತ್ರಿಪುರಸುಂದರಿಯಮ್ಮನ ಹೊಟ್ಟೆಯಲ್ಲಿ ನೀರು ತುಂಬಿಕೊಂಡಿತು. ಆಸ್ಪತ್ರೆಗೆ ಸೇರಿಸಿದರು. ಅಂಡಾಶಯದಲ್ಲಿ ಹುಟ್ಟಿದ್ದು ಹೊಟ್ಟೆಯೆಲ್ಲ ಹಬ್ಬಿದೆ ಎಂದು ತಿಳಿಯಿತು. ನೋಡಲು ಹೋದ ನಂದಾಳ ಮುಂದೆ ಶ್ರೀನಿ ಕಾರಿಡಾರಿನಲ್ಲಿ ನಿಂತು, ಮೇ ತಿಂಗಳಲ್ಲಿ ಸೊನ್ನೆ ಅಂದಿದ್ದರಲ್ಲ ಎಂದು ಒಂದೇ ಮಾತನ್ನು ಮತ್ತೆ ಮತ್ತೆ ಹೇಳಿದ. ಇಲ್ಲಿಯ ಡಾಕ್ಟರಿಗೆ ಅದನ್ನು ಹೇಳಿದಾಗ ಅವರು ಹುಬ್ಬು ಗಂಟಿಕ್ಕಿ, ಆ ಪರೀಕ್ಷೆಯಲ್ಲಿ ಅಪ್ಪಟ ಸೊನ್ನೆ ಬರುವುದನ್ನು ನಾನು ಕಂಡಿಲ್ಲ ಅಂದರಂತೆ. ಅವನ ಕೈಯಲ್ಲಿದ್ದ ಕ್ಲಿನಿಕ್ಕಿನ ಕಾರ್ಡಿನ ಹಿಂಭಾಗದಲ್ಲಿ ಮೂಲೆಯಲ್ಲಿ ನಂದಾಳ ಕಂಪನಿಯ ಗುರುತು ಸಣ್ಣದಾಗಿ ಅಚ್ಚಾಗಿತ್ತು. ಅವಳು ಅದನ್ನು ಓದಿ ಹೊರಗೆ ಹೊರಟಳು. ಆಸ್ಪತ್ರೆಯ ವಾಸನೆಗೆ ತಲೆ ತಿರುಗಿತು ಅಂದಳು.

ಮರುದಿನ ಆಫೀಸಿನಲ್ಲಿ ಅವಳು ಉಗ್ರಾಣವನ್ನೇ ನೇರವಾಗಿ ತೆರೆದು ಕೇಳಿದಳು, ತನ್ನ ಗ್ರಿಡ್ಡಿನ ಮೂಲಕ ಅಲ್ಲ. ತ್ರಿಪುರಸುಂದರಿ ಶ್ರೀಕಂಠಯ್ಯ. ಹೆಸರು ಒಂದಕ್ಷರವೂ ತುಂಡಾಗದೆ ಪೂರ್ತಿ ಬಂತು. ರಕ್ತ ತೆಗೆದ ದಿನಾಂಕ ಇತ್ತು. ಫಲಿತಾಂಶದ ಜಾಗ ಖಾಲಿ ಇತ್ತು. ಲ್ಯಾಬಿನಲ್ಲಿ ರಕ್ತದ ಸೀಸೆ ಕಳೆದುಹೋಗಿರಬೇಕು, ಅಥವಾ ಒಡೆದಿರಬೇಕು. ಉತ್ತರ ಬಂದೇ ಇರಲಿಲ್ಲ. ಖಾಲಿಯಾಗಿಯೇ ಬಿಟ್ಟಿದ್ದರೆ ನರ್ಸು ನೋಡಿ, ಮತ್ತೊಮ್ಮೆ ರಕ್ತ ಕೊಡಲು ಬನ್ನಿ ಎಂದು ಜೂನ್ ಮೊದಲ ವಾರದಲ್ಲಿ ಕರೆಯುತ್ತಿದ್ದಳು. ಅದೇ ಅವರ ಪದ್ಧತಿ. ಹೆಚ್ಚಿನ ಅಂಕಿ ಕಂಡರೆ ಡಾಕ್ಟರಿಗೆ ಹೇಳುವುದು, ಖಾಲಿ ಕಂಡರೆ ರೋಗಿಯನ್ನು ಕರೆಯುವುದು. ಸೊನ್ನೆ ಕಂಡರೆ ಮುಂದಿನ ಸಾಲಿಗೆ ಹೋಗುವುದು.

ಆಮೇಲೆ ಅವಳು ಇಂಥ ಖಾಲಿ ಚೌಕಗಳು ಒಟ್ಟು ಎಷ್ಟಿವೆ ಎಂದು ಕೇಳಿದಳು. ಹನ್ನೊಂದು ಕ್ಲಿನಿಕ್ಕುಗಳಲ್ಲಿ ನೂರ ನಲವತ್ತಮೂರು ಬಂದವು.

ಗ್ರೆಗ್ ಕೆಟ್ಟವನಲ್ಲ ಎಂದು ನಂದಾ ಕೊನೆಯವರೆಗೂ ಹೇಳುತ್ತಿದ್ದಳು. ಅವಳು ತೋರಿಸಿದ್ದನ್ನು ಅವನು ಬಾಗಿಲು ಮುಚ್ಚಿ ಕುಳಿತು ನೋಡಿದ. ಮೇಲಿನವರ ಜೊತೆ ಮಾತಾಡಿ ಬಂದ. ಜನವರಿಯ ಹೊಸ ಆವೃತ್ತಿಯಲ್ಲಿ ಆ ಸಾಲನ್ನು ತೆಗೆದುಬಿಡೋಣ, ಅಲ್ಲಿಯವರೆಗೆ ಕ್ಲಿನಿಕ್ಕಿನವರಿಗೆ ಯಾರೂ ಏನೂ ಹೇಳುವುದು ಬೇಡ, ಲಾಯರುಗಳ ಮಾತು ಅದು ಅಂದ. ನೂರ ನಲವತ್ತಮೂರರಲ್ಲಿ ಹೆಚ್ಚಿನವರು ಬೇರೆ ಕಡೆ ಪರೀಕ್ಷೆ ಮಾಡಿಸಿಕೊಂಡಿರುತ್ತಾರೆ ಎಂದೂ ಸೇರಿಸಿದ. ಎದ್ದು ಹೋಗುವಾಗ ತಗ್ಗಿದ ದನಿಯಲ್ಲಿ ಹೇಳಿದನಂತೆ, “ನಂದಾ, ನಿನ್ನ ಕಾಗದಕ್ಕೆ ಒಂದು ಸಹಿ ಬಾಕಿ ಇದೆ. ಮಗಳನ್ನು ನೆನಪಿಟ್ಟುಕೋ.”

ಅವಳು ಮಗಳನ್ನು ನೆನಪಿಟ್ಟುಕೊಂಡೇ ಎರಡು ವಾರ ಸುಮ್ಮನಿದ್ದಳು. ಟ್ರೇನಿನಲ್ಲಿ ಹೋದಳು, ಬಂದಳು. ಆ ಎರಡು ವಾರದಲ್ಲಿ ತ್ರಿಪುರಸುಂದರಿಯಮ್ಮ ಮನೆಗೆ ಬಂದರು, ಮೊದಲ ಸುತ್ತಿನ ಔಷಧಿಗೆ ಅವರ ಕೂದಲು ಉದುರಿತು. ನಂದಾ ದಿನಾ ಗಂಜಿ ಒಯ್ಯುತ್ತಿದ್ದಳು. ಅವರು ಎರಡು ಚಮಚ ಕುಡಿದು, ಇದಕ್ಕಿಂತ ನಿಮ್ಮ ರೊಟ್ಟಿನೇ ವಾಸಿ ಎಂದು ನಗಿಸಲು ನೋಡುತ್ತಿದ್ದರು. ನಗು ಬಾರದೆ ಅವಳು ಪಾತ್ರೆ ತೊಳೆಯಲು ಎದ್ದು ಹೋಗುತ್ತಿದ್ದಳು.

ನವೆಂಬರಿನ ಒಂದು ಶನಿವಾರ ಮಧ್ಯಾಹ್ನ. ಶ್ರೀನಿ ಸಾಮಾನು ತರಲು ಹೋಗಿದ್ದ. ತ್ರಿಪುರಸುಂದರಿಯಮ್ಮ ಉಣ್ಣೆಯ ಟೋಪಿ ಹಾಕಿಕೊಂಡು ಸೋಫಾದಲ್ಲಿ ಒರಗಿದ್ದರು. ನಂದಾ ಅವರ ಕಾಲ ಬಳಿ ನೆಲದ ಮೇಲೆ ಕೂತು ಎಲ್ಲವನ್ನೂ ಹೇಳಿದಳು. ಖಾಲಿ ಚೌಕ, ತಾನು ಇಟ್ಟ ಸೊನ್ನೆ, ಕಳೆದುಹೋದ ಸೀಸೆ. ಹೇಳುವಾಗ ಅಳಲಿಲ್ಲ, ಕ್ಲಾಸಿನಲ್ಲಿ ಲೆಕ್ಕ ಬಿಡಿಸಿದ ಹಾಗೆ ಒಂದೊಂದೇ ಹೆಜ್ಜೆ ಹೇಳಿದಳು. ಇದನ್ನೆಲ್ಲ ಅವಳೇ ಆಮೇಲೆ ಬದರೀನಾಥನ ಹೆಂಡತಿಯ ಮುಂದೆ ಹೇಳಿಕೊಂಡಳು. ಆ ಮನೆಯಲ್ಲಿ ಆಗ ಮೂರನೆಯವರು ಇರಲಿಲ್ಲ.

ತ್ರಿಪುರಸುಂದರಿಯಮ್ಮ ಟೋಪಿಯನ್ನು ಕಿವಿಯವರೆಗೆ ಎಳೆದುಕೊಂಡರು. ಆಮೇಲೆ ಕೇಳಿದರು, “ಖಾಲಿ ಬಿಟ್ಟಿದ್ರೆ ಯಾವಾಗ ಕರೀತಿದ್ರು?”

“ಜೂನ್‌ದಾಗ್ರಿ.”

“ಜೂನಲ್ಲಿ ಗೊತ್ತಾಗಿದ್ರೆ?”

“ನಂಗ ಗೊತ್ತಿಲ್ರಿ ಅಕ್ಕಾರ. ಡಾಕ್ಟರ್ರೂ ಹೇಳಂಗಿಲ್ಲ.”

“ನನ್ನ ಥರ ಇನ್ನೆಷ್ಟು ಜನ ಇದಾರೆ?”

ಅವಳು ಸಂಖ್ಯೆ ಹೇಳಿದಳು.

“ಅವರಿಗೆ ಹೇಳಿದ್ಯಾ?”

“ಇಲ್ರಿ. ಹೇಳಬ್ಯಾಡ ಅಂದಾರ. ಹೇಳಿದ್ರ ಕೆಲಸ ಹೋಗ್ತದ. ಅನುಶ್ರೀದು…”

“ಮತ್ತೆ ನನಗ್ಯಾಕೆ ಹೇಳ್ದೆ?” ಅವರ ದನಿ ಏರಲಿಲ್ಲ. “ನನಗೆ ಹೇಳಿದ್ರಿಂದ ನನಗೇನಾಯ್ತು ಈಗ? ನಿನಗೆ ಹಗುರ ಆಯ್ತು, ಅಷ್ಟೆ. ಹೋಗು ನಂದಾ. ಇನ್ಮೇಲೆ ಗಂಜಿ ಗಿಂಜಿ ತರಬೇಡ.”

ಅವಳು ಎದ್ದು ಬಂದಳು.

ಸೋಮವಾರ, ಮಂಗಳವಾರ, ಬುಧವಾರ. ಮೂರು ದಿನ ಊಟದ ಬಿಡುವಿನಲ್ಲಿ ನಂದಾ ಹೋಬೋಕನ್ ಸ್ಟೇಷನ್ನಿನ ಸಾರ್ವಜನಿಕ ಫೋನಿನ ಮುಂದೆ ನಿಂತು, ಹನ್ನೊಂದು ಕ್ಲಿನಿಕ್ಕುಗಳಿಗೂ ಫೋನ್ ಮಾಡಿದಳು. ನದಿ ದಾಟಿಸುವ ದೋಣಿಯಿಂದ ಇಳಿದ ಜನ ಅವಳ ಬೆನ್ನಿಗೆ ತಾಕಿಕೊಂಡು ಟ್ರೇನಿಗೆ ಓಡುತ್ತಿದ್ದರು. ಒಂದು ಕಿವಿ ಬೆರಳಿನಿಂದ ಮುಚ್ಚಿಕೊಂಡು ಒಂದೇ ಮಾತು ಹೇಳುತ್ತಿದ್ದಳು: ನಿಮ್ಮ ಪರದೆಯಲ್ಲಿ ಸೊನ್ನೆ ಕಂಡರೆ ಅದು ಸೊನ್ನೆಯಲ್ಲ, ಲ್ಯಾಬಿನ ಕಾಗದ ತೆಗೆದು ನೋಡಿ, ಕಾಗದ ಇಲ್ಲದಿದ್ದರೆ ಆ ಮನುಷ್ಯರನ್ನು ಕರೆಯಿರಿ. ಹೆಸರು ಹೇಳದೆ ಮಾಡಿದ ಮೊದಲ ಎರಡು ಫೋನುಗಳನ್ನು ಯಾರೂ ನಂಬಲಿಲ್ಲ. ಮೂರನೆಯದರಿಂದ ತನ್ನ ಪೂರ್ತಿ ಹೆಸರು, ಕಂಪನಿಯ ಹೆಸರು, ಆ ಗ್ರಿಡ್ ಮಾಡಿದವಳು ನಾನೇ ಎಂಬುದನ್ನೂ ಹೇಳತೊಡಗಿದಳು. ಮೊದಲ ಎರಡು ಕಡೆಗೂ ಮತ್ತೆ ಮಾಡಿ ಹೇಳಿದಳು. ಒಂದು ಕಡೆ ಅವಳ ಉಚ್ಚಾರ ಕೇಳಿ, ಏನೋ ಮಾರಲು ಬಂದವಳೆಂದು ರಿಸೀವರ್ ಇಟ್ಟುಬಿಟ್ಟರು. ನಾಲ್ಕು ಸಲ ಮಾಡಿದಳು, ನಾಲ್ಕು ಸಲವೂ ಇಟ್ಟರು.

ಮುಂದಿನ ಸೋಮವಾರ ಅವಳನ್ನು ಕೆಲಸದಿಂದ ತೆಗೆದರು. ರಟ್ಟಿನ ಪೆಟ್ಟಿಗೆಯಲ್ಲಿ ತನ್ನ ಸಾಮಾನು ಹಿಡಿದುಕೊಂಡು ಅವಳು ಮಧ್ಯಾಹ್ನದ ಟ್ರೇನಿಗೇ ಬಂದಳು. ಆ ಟ್ರೇನಿನಲ್ಲಿ ಸೀಟು ಖಾಲಿ ಇರುತ್ತವೆ, ಎರಡು ವರ್ಷದಲ್ಲಿ ಮೊದಲ ಸಲ ಕಿಟಕಿ ಪಕ್ಕ ಸಿಕ್ಕಿತು ಎಂದು ಹೇಳಿದಳು. ಬಾಕಿ ಇದ್ದ ಸಹಿ ಬಾಕಿಯೇ ಉಳಿಯಿತು.

ಅನುಶ್ರೀ ಆ ಸಂಜೆ ಕೂಗಾಡಿದ್ದು ಕೆಳಗಿನವರೆಗೆ ಕೇಳಿಸಿತು. ಅವಳು ಮಾತಾಡಿದ್ದೆಲ್ಲ ಇಂಗ್ಲಿಷಿನಲ್ಲಿ. ಕೊನೆಗೆ ಕೇಳಿಸಿದ್ದು ಇಷ್ಟು: “ಯೂ ಟೋಲ್ಡ್ ದೆಮ್ ಯುವರ್ ನೇಮ್? ವೈ ವುಡ್ ಯೂ ಟೆಲ್ ದೆಮ್ ಯುವರ್ ನೇಮ್?” ನಂದಾ ಏನು ಉತ್ತರ ಕೊಟ್ಟಳೋ ಕೇಳಿಸಲಿಲ್ಲ. ಆಮೇಲೆ ಒಂದು ಬಾಗಿಲು ಮುಚ್ಚಿದ ಸದ್ದಾಯಿತು.

ನಮ್ಮ ಕಾಂಪ್ಲೆಕ್ಸಿನವರ ಬಗ್ಗೆಯೂ ಹೇಳಬೇಕು, ಮುಚ್ಚಿಟ್ಟು ಪ್ರಯೋಜನವಿಲ್ಲ. ವಿಷಯ ಹರಡಿದ ಮೇಲೆ ನಾವು ಎರಡು ಪಾಲಾದೆವು. ಬಾಯಿ ಮುಚ್ಚಿಕೊಂಡಿದ್ದರೆ ಯಾರಿಗೆ ಗೊತ್ತಾಗುತ್ತಿತ್ತು, ಮಗಳ ಬಾಳು ಹಾಳು ಮಾಡಿದಳು ಎಂದು ಒಂದು ಪಾಲು. ಅಷ್ಟು ದಿನ ಮುಚ್ಚಿಟ್ಟು ಗಂಜಿ ಕುಡಿಸುತ್ತಿದ್ದಳಲ್ಲ, ಎಂಥ ಗಟ್ಟಿ ಗುಂಡಿಗೆ ಎಂದು ಇನ್ನೊಂದು ಪಾಲು. ಎರಡೂ ಪಾಲಿನವರು ಅವಳ ಮನೆಗೆ ಹೋಗುವುದನ್ನು ಬಿಟ್ಟರು. ಶ್ರೀನಿ ಅವಳನ್ನು ಮೆಟ್ಟಿಲ ಮೇಲೆ ಕಂಡರೆ ಗೋಡೆಗೆ ಸರಿದು ದಾರಿ ಬಿಡುತ್ತಿದ್ದ, ಮುಖ ನೋಡುತ್ತಿರಲಿಲ್ಲ. ಅವನು ಕೋರ್ಟಿಗೆ ಹೋಗುತ್ತಾನೆ ಎಂಬ ಸುದ್ದಿ ಬಂತು. ಅಮ್ಮ ಬೇಡ ಎಂದರು ಎಂಬ ಸುದ್ದಿ ಆಮೇಲೆ ಬಂತು. ಒಂದು ಸಲ ನಂದಾ ಬಿಸಿ ಸಾರಿನ ಪಾತ್ರೆಯನ್ನು ಎದುರು ಬಾಗಿಲ ಮುಂದೆ ಇಟ್ಟಿದ್ದಳು. ಸಂಜೆಯವರೆಗೆ ಅದು ಅಲ್ಲೇ ಇತ್ತು. ಆರಿ ಕೆನೆಗಟ್ಟಿದ ಮೇಲೆ ಅವಳೇ ಬಂದು ಎತ್ತಿಕೊಂಡು ಹೋದಳು. ಮೆಟ್ಟಿಲು ಹತ್ತುತ್ತಿದ್ದ ನಾವು ಕಂಡೂ ಕಾಣದ ಹಾಗೆ ಕೀಲಿ ಹುಡುಕಿದೆವು.

ಬೇರೆ ಕೆಲಸಕ್ಕೆ ಅವಳು ಹುಡುಕದೆ ಇರಲಿಲ್ಲ. ಆದರೆ ಆ ಚಳಿಗಾಲದ ಹೊತ್ತಿಗೆ ಕಂಪನಿಗಳು ಹೊಸಬರನ್ನು ತೆಗೆದುಕೊಳ್ಳುವುದಿರಲಿ, ಇದ್ದವರನ್ನೇ ಕಳಿಸತೊಡಗಿದ್ದವು. ಇಂಟರ್‌ವ್ಯೂ ಕೊಟ್ಟ ಎರಡು ಕಡೆಯೂ ಹಿಂದಿನ ಕೆಲಸ ಏಕೆ ಬಿಟ್ಟಿರಿ ಎಂದು ಕೇಳಿದರು. ಅವಳು ನಿಜ ಹೇಳಿದಳು. ಎರಡೂ ಕಡೆಯವರು ಮೆಚ್ಚಿಕೊಂಡು ಮಾತಾಡಿ, ಫೋನ್ ಮಾಡುತ್ತೇವೆ ಎಂದು ಹೇಳಿ ಮಾಡಲಿಲ್ಲ. ಕೆಲಸವಿಲ್ಲದೆ ವೀಸಾ ಇಲ್ಲ, ಇನ್ನು ಕಾಯುವುದರಲ್ಲಿ ಅರ್ಥವಿಲ್ಲ ಎಂದು ಲಾಯರು ಕೈ ಚೆಲ್ಲಿದ. ಅನುಶ್ರೀಯ ಶಾಲೆ ಮುಗಿಯಲು ಐದು ತಿಂಗಳಿತ್ತು. ಪ್ರಿನ್ಸಿಪಾಲರು ಒಳ್ಳೆಯವರು, ಒಂದು ಪತ್ರ ಬರೆದುಕೊಟ್ಟರು. ಹುಬ್ಬಳ್ಳಿಯಲ್ಲಿ ಆ ಪತ್ರವನ್ನು ಯಾವ ಕಾಲೇಜು ಒಪ್ಪುತ್ತದೆ ಎಂದು ಯಾರಿಗೂ ತಿಳಿದಿರಲಿಲ್ಲ.

ಜನವರಿಯ ಮೂರನೇ ಭಾನುವಾರ ಅವರು ಹೊರಟರು. ಹಿಂದಿನ ದಿನ ಹಿಮ ಬಿದ್ದಿತ್ತು. ಬದರೀನಾಥ ತನ್ನ ವ್ಯಾನಿನಲ್ಲಿ ಏರ್‌ಪೋರ್ಟಿಗೆ ಬಿಡುತ್ತೇನೆ ಎಂದು ತಾನಾಗಿ ಬಂದ. ನಾಲ್ಕು ಸೂಟ್‌ಕೇಸುಗಳನ್ನು ಇಳಿಸಿ ಇಟ್ಟ. ಅನುಶ್ರೀ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು, ಯಾರಿಗೂ ಬೈ ಹೇಳದೆ ಹೋಗಿ ಹಿಂದಿನ ಸೀಟಿನಲ್ಲಿ ಕೂತಳು. ಮನೆಯೊಳಗೆ ಏನೂ ಉಳಿದಿರಲಿಲ್ಲ. ನಂದಾ ಒಲೆಯ ನಾಬುಗಳನ್ನು ಒಂದೊಂದಾಗಿ ಮುಟ್ಟಿ ನೋಡಿದಳು, ಸಿಂಕಿನ ನಲ್ಲಿ ಬಿಗಿ ಮಾಡಿದಳು, ಬಾಗಿಲು ಎಳೆದುಕೊಂಡು ಹೊರಗೆ ಬಂದು ಬೀಗ ತಿರುಗಿಸಿದಳು. ನಾವು ನಾಲ್ಕೈದು ಜನ ಕೆಳಗಿನ ಮೆಟ್ಟಿಲಲ್ಲಿ ನಿಂತಿದ್ದೆವು, ಕೈಗಳನ್ನು ಕೋಟಿನ ಜೇಬಿನಲ್ಲಿ ಇಟ್ಟುಕೊಂಡು.

ಆಗ ಎದುರು ಬಾಗಿಲು ತೆರೆಯಿತು. ಪೂರ್ತಿ ಅಲ್ಲ, ಒಳಗಿನ ಸರಪಳಿ ಎಷ್ಟು ಬಿಡುತ್ತದೋ ಅಷ್ಟು. ಉಣ್ಣೆಯ ಟೋಪಿ ಕಂಡಿತು, ಅದರ ಕೆಳಗೆ ಮುಖ ಇಷ್ಟೇ ಇಷ್ಟಾಗಿತ್ತು.

“ಎಲ್ಲಾ ಕಡೆ ಕರೆದ್ರಂತಾ?” ಎಂದು ತ್ರಿಪುರಸುಂದರಿಯಮ್ಮ ಕೇಳಿದರು.

ನಂದಾಗೆ ಅರ್ಥವಾಯಿತು. “ಒಂಬತ್ತು ಕ್ಲಿನಿಕ್ಕಿನವರು ಕರದಾರ್ರೀ. ಹೋದ ವಾರ ಎಲ್ಲಾರಿಗೂ ಮತ್ತ ಫೋನ್ ಮಾಡಿ ಕೇಳೇನಿ. ಒಂದ್ ಕಡೆ ಇಬ್ಬರಿಗೆ ಜಲ್ದಿ ಆಪರೇಷನ್ ಆತಂತ್ರಿ.”

“ಇನ್ನೆರಡು?”

“ಒಂದು ಕಡೆಯವರು ನನ್ನ ದನಿ ಕೇಳಿದ ಕೂಡಲೇ ಇಟ್ಟುಬಿಡ್ತಾರ್ರೀ. ಇನ್ನೊಂದು ಪಕ್ಕದೂರು ಪರ್ತ್ ಆಂಬಾಯ್‌ದ್ದು. ಹೇಳೇನಿ, ಹೂಂ ಅಂದ್ರು. ಬರಕೊಂಡ್ರೋ ಇಲ್ಲೋ ಗೊತ್ತಿಲ್ಲ.”

ತ್ರಿಪುರಸುಂದರಿಯಮ್ಮ ಬಾಗಿಲ ಚೌಕಟ್ಟಿಗೆ ಹಣೆ ಆನಿಸಿ ಸ್ವಲ್ಪ ಹೊತ್ತು ಉಸಿರು ತೆಗೆದುಕೊಂಡರು. ಆಮೇಲೆ ಹೇಳಿದರು, “ನಂಬರ್ ಬರೆದುಕೊಡು. ಶ್ರೀನಿ ಮಾಡ್ತಾನೆ. ಅವನ ಇಂಗ್ಲಿಷು ಅವರಿಗೆ ತಿಳಿಯತ್ತೆ.”

ನಂದಾ ಬ್ಯಾಗು ಕೆಳಗಿಟ್ಟಳು. ಪರ್ಸಿನಲ್ಲಿ ಹುಡುಕಿದಳು. ಕಾಗದ ಸಿಗದೆ, ಮಾತ್ರೆಯ ಡಬ್ಬವೊಂದರ ರಟ್ಟನ್ನು ಹರಿದು, ಗೋಡೆಗೆ ಒತ್ತಿ ಹಿಡಿದು, ಎರಡು ನಂಬರುಗಳನ್ನು ಬರೆದಳು. ಚಳಿಗೆ ಪೆನ್ನು ಓಡಲಿಲ್ಲ, ಬಾಯಿಂದ ಊದಿ ಮತ್ತೆ ಬರೆದಳು. ಬಾಗಿಲ ಸಂದಿಯಲ್ಲಿ ಕೊಟ್ಟಳು. ಒಳಗಿನಿಂದ ಬಂದ ಕೈ ಅದನ್ನು ತೆಗೆದುಕೊಂಡಿತು. ಅವಳ ಬೆರಳನ್ನು ಹಿಡಿಯಲಿಲ್ಲ, ತಳ್ಳಲೂ ಇಲ್ಲ. ಕ್ಷಮಿಸಿದೆ ಎಂದು ಅವರು ಹೇಳಲಿಲ್ಲ, ಅವಳೂ ಕೇಳಲಿಲ್ಲ.

“ಹುಷಾರು. ಮೆಟ್ಟಿಲ ಮೇಲೆ ಐಸ್ ಇದೆ,” ಎಂದು ತ್ರಿಪುರಸುಂದರಿಯಮ್ಮ ಬಾಗಿಲು ಮುಚ್ಚಿಕೊಂಡರು.

ನಂದಾ ಬ್ಯಾಗು ಎತ್ತಿಕೊಂಡಳು. ಕಂಬಿ ಹಿಡಿದು, ಒಂದೊಂದೇ ಮೆಟ್ಟಿಲು ನೋಡಿಕೊಂಡು ಇಳಿದಳು. ನಮ್ಮ ಮುಂದೆ ಬಂದಾಗ ಬರ್ತೇನ್ರಿ ಅಂದಳು. ನಾವು ಹೂಂ ಅಂದೆವು. ಬದರೀನಾಥ ಎಂಜಿನ್ ಚಾಲೂ ಮಾಡಿದ. ಅವಳು ಮಗಳ ಪಕ್ಕ ಹತ್ತಿ ಕೂತು ಬಾಗಿಲು ಎಳೆದುಕೊಂಡಳು.